ಮಂಜುಗಡ್ಡೆ ಹೊರಗಿರಲಿ, ಪಾನಕ ಒಳಗಿರಲಿ

ಅಕ್ಬರನ ಆಸ್ಥಾನದಲ್ಲಿ ಕುಡಿಯುವ ನೀರನ್ನು ತಂಪುಗೊಳಿಸುತ್ತಿದ್ದ ಬಗೆಯನ್ನು ಅಬುಲ್ ಫಜಲನು 'ಐನ್-ಇ-ಅಕ್ಬರಿ'ಯಲ್ಲಿ ವಿವರಿಸಿದ್ದಾನೆ. ಲೋಹದ ಹೂಜಿಯಲ್ಲಿ ನೀರು ತುಂಬಿ, ಬಾಯಿ ಮುಚ್ಚಿ, ಪೆಟ್ಲುಪ್ಪು ಕದಡಿದ ನೀರಿನೊಳಗೆ ಅದನ್ನು ಕಾಲು ಗಂಟೆ ಆಡಿಸುತ್ತಿದ್ದರು. ಪೆಟ್ಲುಪ್ಪು ಕರಗುವಾಗ ಸುತ್ತಲಿನ ಉಷ್ಣವನ್ನು ಹೀರುತ್ತದೆ. ಸುಮಾರು 1586ರಲ್ಲಿ ಬಾದಶಹನು ಪಂಜಾಬಿಗೆ ಬಂದ ಮೇಲೆ ಉತ್ತರದ ಪರ್ವತಗಳ ಹಿಮವೂ ಬಳಕೆಗೆ ಬಂದಿತು.

ಹಿಮದಲ್ಲಿ ಹೂತಿಟ್ಟ ಶೀಶೆ ಒಡನೆಯೇ ತಂಪಾಗುವುದೆಂದು ಹಲವರು ಭಾವಿಸುತ್ತಾರೆ. ಆದರೆ ಆಗತಾನೆ ಬಿದ್ದ ಹಿಮದಲ್ಲಿ ಬಹುಪಾಲು ಗಾಳಿಯೇ; ಅರಳೆಯ ರಜಾಯಿಯಂತೆ ಅದು ಉಷ್ಣವನ್ನು ತಡೆಯುತ್ತದೆ. ಶೀಶೆಗೆ ತಾಗಿದ ಹಿಮ ಕರಗಿದಂತೆ ಸುತ್ತ ಪೊಳ್ಳು ಬೀಳುತ್ತದೆ. ಅದಕ್ಕೆ ಒಂದಿಷ್ಟು ನೀರು ಬೆರೆಸಿದರೆ, ಸೊನ್ನೆ ಡಿಗ್ರಿಯ ನೀರು ಶೀಶೆಯ ಮೈಯನ್ನೆಲ್ಲ ಆವರಿಸಿ ಅದರ ಬಿಸುಪನ್ನು ಹಿಮಕ್ಕೆ ಒಪ್ಪಿಸುತ್ತದೆ. ಶೀಶೆಯನ್ನು ತಿರುಗಿಸುತ್ತಿದ್ದರೆ ಕೆಲಸ ಇನ್ನೂ ಬೇಗ.  ನಗರದ ಮನೆಯಲ್ಲಿ ಕುಟ್ಟಿದ ಮಂಜುಗಡ್ಡೆಗೂ ಇದೇ ನಿಯಮ.

ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 80 ಕ್ಯಾಲರಿ ಉಷ್ಣವನ್ನು ಹೀರುತ್ತದೆ. ಇದಕ್ಕೆ ಗುಪ್ತೋಷ್ಣವೆಂದು ಹೆಸರು. 200 ಗ್ರಾಂ ಪಾನಕವನ್ನು 30 ಡಿಗ್ರಿಯಿಂದ 10 ಡಿಗ್ರಿಗೆ ಇಳಿಸಲು ಹೆಚ್ಚುಕಡಿಮೆ 4000 ಕ್ಯಾಲರಿ ತೆಗೆಯಬೇಕು. ಲೆಕ್ಕಕ್ಕೆ 50 ಗ್ರಾಂ ಗಡ್ಡೆ ಕರಗಿದರೆ ಸಾಕು. ಹೊರಗಿನ ಸೆಕೆಯೂ ತನ್ನ ಪಾಲು ಕೇಳುವುದರಿಂದ ಇನ್ನಷ್ಟು ಬೇಕಾಗುತ್ತದೆ.

ಕಲ್ಲುಪ್ಪು ಬೆರೆಸಿದರೆ ಮಿಶ್ರಣವು ಸೊನ್ನೆಗಿಂತ ಸುಮಾರು 21 ಡಿಗ್ರಿ ಕೆಳಕ್ಕೂ ಇಳಿಯಬಲ್ಲದು. ಕುಲ್ಫಿ ಮಾಡುವವರ ಗುಟ್ಟು ಇದೇ. ಅದರಲ್ಲಿ ಬರಿಗೈ ಅದ್ದಿದರೆ ಚರ್ಮಕ್ಕೆ ಹಾನಿ; ತುಂಬಿದ ಗಾಜಿನ ಶೀಶೆಯನ್ನು ಮರೆತರೆ ಒಳಗಿನ ನೀರು ಹೆಪ್ಪುಗಟ್ಟಿ, ಹಿಗ್ಗಿ, ಗಾಜು ಸೀಳುತ್ತದೆ.

ಶೈತ್ಯದಲ್ಲಿ ರೋಗಾಣುಗಳು ಸಾಯುತ್ತವೆಂಬ ನಂಬಿಕೆಯೇ ಎಲ್ಲಕ್ಕಿಂತ ಅಪಾಯಕಾರಿ. ವಿಷಮಶೀತಜ್ವರದ ಕ್ರಿಮಿಗಳೂ ಒಂದು ಬಗೆಯ ಕಾಮಾಲೆಯ ವೈರಸ್ಸೂ ಮಂಜುಗಡ್ಡೆಯಲ್ಲಿ ಬದುಕಿ ಉಳಿಯಬಲ್ಲವು. ಮೀನು ಕೆಡದಂತಿಡಲು ತಯಾರಾದ ಗಡ್ಡೆ ಶರಬತ್ತಿನ ಗಾಡಿಗೂ ಬಂದರೆ, ಕುಡಿಯುವವನಿಗೆ ವ್ಯತ್ಯಾಸ ಕಾಣದು. ಆದ್ದರಿಂದಲೇ 2018ರಲ್ಲಿ, ತಿನ್ನಲು ಯೋಗ್ಯವಲ್ಲದ ಗಡ್ಡೆಗೆ ನೀಲಿ ಬಣ್ಣ ಬೆರೆಸಬೇಕೆಂಬ ಆದೇಶ ಹೊರಟಿತು.

ಮನೆಯಲ್ಲಿ ಅಕ್ಬರನ ಹೂಜಿಯ ಉಪಾಯವೇ ಮೇಲು. ಕುದಿಸಿ ಆರಿಸಿದ ನೀರಿನಿಂದ ಪಾನಕ ಮಾಡಿ, ಮುಚ್ಚಳವಿರುವ ಸ್ಟೀಲಿನ ಪಾತ್ರೆಯಲ್ಲಿ ತುಂಬಿ, ಗಡ್ಡೆ ಮತ್ತು ನೀರಿರುವ ಬೋಗುಣಿಯಲ್ಲಿಟ್ಟು ಆಗಾಗ ತಿರುಗಿಸಬೇಕು. ಮುಚ್ಚಳ ಮಾತ್ರ ಹೊರಗಿನ ನೀರಿಗಿಂತ ನಾಲ್ಕು ಬೆರಳು ಮೇಲಿರಬೇಕು. ಲೋಟಕ್ಕೆ ಬಗ್ಗಿಸುವ ಮುನ್ನ ಪಾತ್ರೆಯ ಹೊರಮೈಯನ್ನು ಒರೆಸಿಬಿಡಬೇಕು.