ಗುಳೆ ಹೋದ ಮಕ್ಕಳು ಹತ್ತನೇ ತರಗತಿ ಮುಟ್ಟಬೇಕಲ್ಲ!

ಮುಂಗಾರಿನ ಬೆಳೆ ಕಟಾವಾಗಿ ದೀಪಾವಳಿ ಕಳೆಯಿತೆಂದರೆ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯ ಕುಟುಂಬಗಳು ಗುಳೆ ಹೊರಡುತ್ತವೆ. ಬೆಂಗಳೂರಿನಲ್ಲಿ ಏಳುತ್ತಿರುವ ಕಟ್ಟಡಗಳ ಬುಡದಲ್ಲಿ ಅವರ ತಗಡಿನ ಶೆಡ್ಡು. ಚಿಕ್ಕ ಮಕ್ಕಳಿಗೆ ಟೆಂಟ್ ಶಾಲೆಯೋ, ಹತ್ತಿರದ ಸರ್ಕಾರಿ ಶಾಲೆಯೋ ಸಿಕ್ಕೀತು. ಹದಿನೈದರ ಹುಡುಗನ ಕೈಗೆ ಬಾಂಡ್ಲಿ ಬರುತ್ತದೆ, ಹುಡುಗಿಯ ಕಂಕುಳಿಗೆ ತಮ್ಮನೋ ತಂಗಿಯೋ ಏರುತ್ತಾರೆ.

ಕಾನೂನೂ ಕೈಬಿಡುವುದು ಅಲ್ಲಿಯೇ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರದು. ಟಿ.ಸಿ. ತಡವಾಯಿತೆಂದು ಅವರನ್ನು ವಾಪಸು ಕಳಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕು. ಒಂಬತ್ತನೇ ತರಗತಿಯ ಹೊಸ್ತಿಲಲ್ಲಿ ಈ ಆಸರೆ ಇಲ್ಲ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯೂ 14 ದಾಟಿದವರನ್ನು ಅಪಾಯಕಾರಿ ಕೆಲಸಗಳಿಂದ ಮಾತ್ರ ದೂರವಿಡುತ್ತದೆ.

ಹೇಗೋ ದಾಖಲಾದವರಿಗೆ ಕೊನೆಯ ಬೆಂಚು. ಅವರು ಬರುವಷ್ಟರಲ್ಲಿ ಅರ್ಧ ಪಾಠ ಮುಗಿದಿರುತ್ತದೆ. ಇದೇ ಶೆಡ್ಡುಗಳಿಗೆ ಹೊರರಾಜ್ಯಗಳಿಂದ ಬರುವ ಬಿಹಾರ, ಒಡಿಶಾದ ಹುಡುಗರಿಗೆ ಅಂಗಡಿಯ ಕನ್ನಡ ಬೇಗ ಬಾಯಿಗೆ ಬಂದರೂ ಪುಸ್ತಕದ ಕನ್ನಡ ತಲೆಗೆ ಹತ್ತುವುದಿಲ್ಲ. ಮೀಸೆ ಚಿಗುರುತ್ತಿರುವವನನ್ನು ಪುಟಾಣಿಗಳ ನಡುವೆ ಕೂರಿಸಿ ಅ ಆ ಇ ಈ ತಿದ್ದಿಸಿದರೆ ಮಾರನೇ ದಿನ ಬಂದಾನೆಯೇ? ಅವನ ಮಾನ ಕಾದೇ ಕಲಿಸಬೇಕು.

ಅವನಿಗೆ ಗೊತ್ತಿರುವುದೂ ಕಡಿಮೆಯಲ್ಲ. ಪಾಯ ಹಾಕುವಾಗ ಮೇಸ್ತ್ರಿ ಮೂಲೆ ಹೊಂದಿಸುವುದನ್ನು ನೋಡಿ. ಒಂದು ದಾರದಲ್ಲಿ 3 ಅಡಿಗೆ, ಇನ್ನೊಂದರಲ್ಲಿ 4 ಅಡಿಗೆ ಗುರುತು ಹಾಕಿ, ಎರಡು ಗುರುತುಗಳ ನಡುವೆ ಸರಿಯಾಗಿ 5 ಅಡಿ ಬರುವ ತನಕ ದಾರ ಸರಿಸುತ್ತಾನೆ. ಬಂತೆಂದರೆ ಮೂಲೆ ಮಟ್ಟ. ಪಕ್ಕದಲ್ಲಿ ಟೇಪು ಹಿಡಿದು ನಿಂತ ಹುಡುಗನ ಕಣ್ಣೆದುರೇ ಪೈಥಾಗೊರಸ್ ಪ್ರಮೇಯ ನಡೆದುಹೋಗಿರುತ್ತದೆ. ಸಿಮೆಂಟು, ಮರಳು, ಜಲ್ಲಿಯನ್ನು 1:2:4ರಂತೆ ಬೆರೆಸಿದವನಿಗೆ ಅನುಪಾತ ಹೊಸದೇನಲ್ಲ. ಗಣಿತದ ಮೇಷ್ಟ್ರು ಅವನನ್ನು ಬೋರ್ಡಿಗೆ ಕರೆದು ‘ನೀನೇ ತೋರಿಸಪ್ಪ’ ಎನ್ನಲಿ. ಇಡೀ ತರಗತಿ ಅವನತ್ತ ತಿರುಗುತ್ತದೆ. ಆಮೇಲೆ ಅದನ್ನೇ ಕನ್ನಡದಲ್ಲಿ ಬರೆಸಬಹುದು. ಬರೆಯಲು ಅವನ ಬಳಿ ಸಂಗತಿಯಿದೆ.

ಆದರೆ ಎಲ್ಲವನ್ನೂ ಮೇಷ್ಟ್ರ ಒಳ್ಳೆಯತನದ ಮೇಲೆ ಹೊರಿಸುವುದು ಅನ್ಯಾಯ. ಮಕ್ಕಳನ್ನು ಊರಲ್ಲೇ ಉಳಿಸಿಕೊಳ್ಳುವ ಹಾಸ್ಟೆಲುಗಳ ಬಾಗಿಲು ಗುಳೆಯ ಲಾರಿ ಹೊರಡುವ ಮೊದಲೇ ತೆರೆದಿರಬೇಕು. ರಾಜ್ಯದ ಶಾಲೆಗಳಲ್ಲಿ ಪ್ರತಿ ಮಗುವಿಗೂ ಅದರ ಕಲಿಕೆಯ ದಾಖಲೆ ಹಿಡಿದಿಡುವ ಎಸ್‌ಎಟಿಎಸ್ ಸಂಖ್ಯೆಯಿದೆ. ಒಂಬತ್ತನೇ ತರಗತಿಯ ವಿದ್ಯಾರ್ಥಿ ಒಂದು ವಾರ ಗೈರಾದರೆ ಯಾದಗಿರಿಯ ಮುಖ್ಯೋಪಾಧ್ಯಾಯರು ಆ ಸಂಖ್ಯೆ ಹಿಡಿದು ಬೆಂಗಳೂರಿನ ಶಾಲೆಗೆ ಫೋನ್ ಮಾಡುವ ವ್ಯವಸ್ಥೆಯನ್ನು ಇಲಾಖೆ ಈ ವರ್ಷವೇ ಮಾಡಲಿ.