ನಿನ್ನೆ ರಾತ್ರಿ ಎಷ್ಟು ಸೆಂಟು?

ಮೂಡಿಗೆರೆ, ಸಕಲೇಶಪುರ, ಕೊಡಗಿನ ಕಾಫಿ ಸೀಮೆಯಲ್ಲಿ ಬೆಳಗ್ಗೆ ಒಂಬತ್ತರ ಹೊತ್ತಿಗೆ ಫೋನ್ ಮಾಡಿದವರು ಕ್ಷೇಮಸಮಾಚಾರಕ್ಕೂ ಮೊದಲು ವಿಚಾರಿಸುವುದು ಮಳೆಯನ್ನು. ‘ನಿಮ್ಗೆಷ್ಟಾಯ್ತು?’ ಇದಕ್ಕೆ ‘ಜೋರು’ ಎಂದೋ ‘ಪರವಾಗಿಲ್ಲ’ ಎಂದೋ ಹೇಳಿದರೆ ಆಗುವುದಿಲ್ಲ. ‘ಒಂದಿಂಚು ನಲವತ್ತು ಸೆಂಟು’ ಎನ್ನಬೇಕು. ಇಂಚಿಗೆ ನೂರು ಸೆಂಟು. ಹವಾಮಾನ ಇಲಾಖೆ ಮಿಲಿಮೀಟರಿಗೆ ಹೋಗಿ ದಶಕಗಳೇ ಕಳೆದರೂ ತೋಟದ ಮಳೆ ಮಾತ್ರ ಇನ್ನೂ ಇಂಚು-ಸೆಂಟಿನಲ್ಲೇ ಬೀಳುತ್ತಿದೆ.

ಈ ಲೆಕ್ಕ ಇಡುವವರು ತೋಟದ ರೈಟರು. ಆಳುಗಳ ಹಾಜರಿ, ಬಟವಾಡೆ, ಗೊಬ್ಬರದ ಸ್ಟಾಕು, ಅದರ ಜೊತೆಗೆ ಮಳೆ ಪುಸ್ತಕ. ಮೂಡಿಗೆರೆ ಕಡೆಯ ತೋಟವೊಂದರಲ್ಲಿ ಕೆಲಸದಿಂದ ನಿವೃತ್ತರಾದ ಮೇಲೂ ಮಳೆ ಅಳೆಯುವುದನ್ನು ಬಿಡದ ಒಬ್ಬ ರೈಟರಿದ್ದಾರೆ ಎಂದು ಕೇಳಿಯೇ ನಾನು ಅಲ್ಲಿಗೆ ಹೋದದ್ದು. ‘ಹೆಸರು ಹಾಕ್ಬೇಡಿ. ತೋಟ ಮಾರಾಟಕ್ಕೆ ಬಂದಿದೆ, ಸಾವ್ಕಾರ್ರಿಗೆ ಸರಿ ಕಾಣಲ್ಲ’ ಎಂದರು. ಹಾಗಾಗಿ ಇಲ್ಲಿ ಅವರು ರೈಟರು ಮಾತ್ರ.

ಎಂಟೂವರೆಗೆ ಸರಿಯಾಗಿ ಅವರು ಕೊಡೆ ಬಿಚ್ಚಿ ಕಣದ ಮೂಲೆಗೆ ಹೊರಟರು. ಅಲ್ಲಿ ಬೇಲಿಯ ನಡುವೆ ಮೊಣಕಾಲೆತ್ತರದ ಒಂದು ಡಬ್ಬಿ. ಮೇಲಿನ ಲಾಳಿಕೆಯನ್ನು ತಿರುಗಿಸಿ ತೆಗೆದು, ಅದರ ಕುತ್ತಿಗೆಯಲ್ಲಿ ಸಿಕ್ಕಿದ್ದ ಸಿಲ್ವರ್ ಮರದ ಎಲೆ ಕಿತ್ತರು. ಒಳಗಿನ ಬಾಟಲಿಯ ನೀರನ್ನು ಅಳತೆ ಗ್ಲಾಸಿಗೆ ಬಗ್ಗಿಸಿದರು. ಗ್ಲಾಸನ್ನು ಕೈಯಲ್ಲಿ ಹಿಡಿದು ನೋಡಲಿಲ್ಲ. ಕಣದ ಕಟ್ಟೆಯ ಸಮತಟ್ಟು ಕಲ್ಲಿನ ಮೇಲಿಟ್ಟು, ಮಂಡಿಯೂರಿ, ಒಂದು ಕಣ್ಣು ಮುಚ್ಚಿ ಓದಿದರು. ಗ್ಲಾಸಿನಲ್ಲಿ ನೀರು ಅಂಚಿಗೆ ಏರಿ ನಡುವೆ ತಗ್ಗುತ್ತದೆ. ಓದಬೇಕಾದ್ದು ಆ ತಗ್ಗನ್ನು. ‘ಮೇಲಿನ ಅಂಚು ನೋಡಿದ್ರೆ ಮಳೆಗೆ ಎರಡು ಸೆಂಟು ಲಂಚ ಕೊಟ್ಟಂಗೆ’ ಎಂದರು. ಇನ್ನೊಮ್ಮೆ ಓದಿಯೇ ನೀರು ಚೆಲ್ಲಿದ್ದು.

ಪುಸ್ತಕದಲ್ಲಿ ಬರೆಯುವುದು ಪೆನ್ಸಿಲಿನಲ್ಲಿ. ಮಳೆಗಾಲದ ತೇವಕ್ಕೆ ಶಾಯಿ ಹರಡುತ್ತದೆ, ಪೆನ್ಸಿಲ್ ಹರಡುವುದಿಲ್ಲ. ಜನವರಿಯ ಪುಟ ತೆರೆದರೆ ಮೂವತ್ತೊಂದು ಸೊನ್ನೆಗಳು ಸಾಲಾಗಿವೆ. ಒಂದು ಗೀಟು ಎಳೆದು ತಿಂಗಳು ಮುಗಿಸಬಹುದಿತ್ತಲ್ಲ ಎಂದೆ. ‘ಗೀಟು ಹಾಕಿದ್ರೆ ಮಳೆ ಇರ್ಲಿಲ್ವೋ ರೈಟ್ರು ಇರ್ಲಿಲ್ವೋ ಅಂತ ಗೊತ್ತಾಗಲ್ಲ ಸಾರ್.’ ಹವಾಮಾನ ವಿಜ್ಞಾನದ ಪಠ್ಯಪುಸ್ತಕಗಳು ಶೂನ್ಯ ಅಳತೆಗೂ ಬಿಟ್ಟುಹೋದ ಅಳತೆಗೂ ಇರುವ ಭೇದವನ್ನು ಪುಟಗಟ್ಟಲೆ ವಿವರಿಸುತ್ತವೆ.

ಪಕ್ಕದ ಷರಾ ಕಾಲಂನಲ್ಲಿ ಒಂದೋ ಎರಡೋ ಪದ: ಗುಡುಗು, ಆಲಿಕಲ್ಲು, ಹೊಳೆ ಸೇತುವೆ ಮುಟ್ಟಿತು, ಹೂ ಅರಳಿತು. ಕಾಫಿಯವರಿಗೆ ಸೆಂಟಿನ ಲೆಕ್ಕ ಬೇಕಾಗುವುದು ಈ ಕೊನೆಯದಕ್ಕೆ. ಫೆಬ್ರುವರಿ-ಮಾರ್ಚಿನಲ್ಲಿ ಹೂಮಳೆ ಸುಮಾರು ಒಂದು ಇಂಚು ಬಿದ್ದರೆ ರೊಬಸ್ಟಾದ ಮೊಗ್ಗು ಎಚ್ಚೆತ್ತು ವಾರ, ಒಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಮೂವತ್ತೇ ಸೆಂಟು ಬಿದ್ದು ನಿಂತರೆ ಮೊಗ್ಗು ಅರ್ಧಕ್ಕೇ ಕೂರುತ್ತದೆ. ಆಗ ಹೊಳೆಗೋ ಕೆರೆಗೋ ಪಂಪು ಇಟ್ಟು ಸ್ಪ್ರಿಂಕ್ಲರ್ ಹಾರಿಸಬೇಕು. ಎರಡು-ಮೂರು ವಾರ ಕಳೆದು ಹೂಮಳೆಗೆ ಬೆಂಬಲವಾಗಿ ಬರುವ ‘ಬ್ಯಾಕಿಂಗ್’ ಮಳೆ ಬರಬೇಕು. ಹೂ ಅರಳಿದ ದಿನವೇ ಸುರಿದರೆ ಪರಾಗ ತೊಳೆದುಹೋಗುತ್ತದೆ. ಡೀಸೆಲ್ ಖರ್ಚು ಮಾಡಬೇಕೇ ಬೇಡವೇ ಎಂಬ ತೀರ್ಮಾನ ಆ ಗ್ಲಾಸಿನ ಮೇಲೆ ನಿಂತಿರುವಾಗ ‘ಪರವಾಗಿಲ್ಲ’ ಎಂಬ ಉತ್ತರ ಯಾರಿಗೂ ಸಾಲುವುದಿಲ್ಲ.

ಈ ಡಬ್ಬಿಗೆ ಸೈಮನ್ಸ್ ಮಳೆಮಾಪಕ ಎಂದು ಹೆಸರು. ಜಾರ್ಜ್ ಜೇಮ್ಸ್ ಸೈಮನ್ಸ್ ಎಂಬ ಇಂಗ್ಲಿಷಿನವನದು. ಅವನು 1860ರಲ್ಲಿ ಪಾದ್ರಿಗಳು, ಮಾಲಿಗಳು, ಜಮೀನ್ದಾರರನ್ನೆಲ್ಲ ಸೇರಿಸಿ ತಮ್ಮ ತಮ್ಮ ಹಿತ್ತಲಲ್ಲಿ ಮಳೆ ಅಳೆಯುವಂತೆ ಮಾಡಿದ. 1900ರಲ್ಲಿ ಅವನು ತೀರಿಕೊಳ್ಳುವ ಹೊತ್ತಿಗೆ ಹಾಗೆ ಅಳೆದು ಕಳಿಸುವವರು ಬ್ರಿಟನ್ನಿನಲ್ಲಿ ಮೂರು ಸಾವಿರ ದಾಟಿದ್ದರು. ಡಬ್ಬಿಯ ಬಾಯಿ ಐದು ಇಂಚು ಅಗಲ, ನೆಲದಿಂದ ಸುಮಾರು ಒಂದಡಿ ಎತ್ತರ. ಬಾಯಿಯ ಲೋಹದ ಅಂಚು ಚೂಪು. ಅದರ ಮೇಲೆ ಬಿದ್ದ ಹನಿ ಒಳಗೋ ಹೊರಗೋ ಹೋಗಲೇಬೇಕು. ಲಾಳಿಕೆಗಿಂತ ಅಳತೆ ಗ್ಲಾಸು ತೆಳ್ಳಗಿರುವುದರಿಂದ ಕೂದಲೆಳೆಯಷ್ಟು ಮಳೆಯೂ ಗ್ಲಾಸಿನಲ್ಲಿ ಹಿಗ್ಗಿ ಕಾಣುತ್ತದೆ. ಗ್ಲಾಸು ಒಡೆದರೆ ಬೇರೆ ಅಳತೆಯ ಮಾಪಕದ್ದನ್ನು ತಂದಿಡುವಂತಿಲ್ಲ, ಲೆಕ್ಕವೆಲ್ಲ ಕೆಡುತ್ತದೆ. ಹತ್ತಿರದ ಮರ, ಗೋಡೆ ಎಷ್ಟು ಎತ್ತರವೋ ಅದರ ಎರಡು ಪಾಲು ದೂರದಲ್ಲಿ ಮಾಪಕ ಇರಬೇಕು. ನೆರಳೇ ಜೀವಾಳವಾದ ಕಾಫಿ ತೋಟದಲ್ಲಿ ಅಂಥ ಬಯಲೆಂದರೆ ಕಣವೊಂದೇ.

ಬೆಳಗಿನ ಎಂಟೂವರೆಗೂ ಕಾರಣವಿದೆ. ಗ್ರೀನಿಚ್ ಸಮಯದ ಮೂರು ಗಂಟೆಗೆ ಸರಿಯಾಗಿ ನಮ್ಮಲ್ಲಿ ಎಂಟೂವರೆ; ಆಗ ದೇಶದ ವೀಕ್ಷಣಾಲಯಗಳೆಲ್ಲ ಏಕಕಾಲಕ್ಕೆ ಓದುತ್ತವೆ. ಹಿಂದಿನ ಇಪ್ಪತ್ನಾಲ್ಕು ಗಂಟೆಯ ಮಳೆ ಇವತ್ತಿನ ತಾರೀಖಿಗೆ ಸೇರುತ್ತದೆ. ನಿನ್ನೆ ಮಧ್ಯಾಹ್ನ ನೆನೆದು ಬಂದವರು ಪತ್ರಿಕೆಯಲ್ಲಿ ನಿನ್ನೆಯ ಲೆಕ್ಕ ಹುಡುಕಿ, ಇಲಾಖೆಯವರಿಗೆ ಮಳೆಯೇ ಗೊತ್ತಾಗಿಲ್ಲ ಎಂದು ರೇಗುವುದು ಇದರಿಂದಲೇ.

ಪತ್ರಿಕೆಯ ಉಳಿದ ಪದಗಳೂ ಹೀಗೇ ಅಳತೆಯಲ್ಲಿ ಕಟ್ಟಿದವು. 2.5 ಮಿಲಿಮೀಟರ್ ಮುಟ್ಟಿದರೆ ಅದು ‘ಮಳೆಯ ದಿನ’. ರೈಟರ ಲೆಕ್ಕದಲ್ಲಿ ಹತ್ತು ಸೆಂಟು. 64.5 ಮಿ.ಮೀ. ಮುಟ್ಟಿದರೆ ಭಾರಿ, 115.6 ಮುಟ್ಟಿದರೆ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ. ಹೆಚ್ಚುಕಡಿಮೆ ಎರಡೂವರೆ, ನಾಲ್ಕೂವರೆ, ಎಂಟು ಇಂಚು. ಒಂದು ಮಿಲಿಮೀಟರ್ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. 1946ರ ಆಗಸ್ಟಿನಲ್ಲಿ ಆಗುಂಬೆಗೆ 4,508 ಮಿ.ಮೀ. ಸುರಿದ ದಾಖಲೆಯಿದೆ. ದಿನಕ್ಕೆ ಸರಾಸರಿ ಐದೂವರೆ ಇಂಚು ದಾಟುತ್ತದೆ! ‘ವಾಡಿಕೆ ಮಳೆ’ ಎಂಬುದು ಹಲವು ದಶಕಗಳ ಸರಾಸರಿ. ಜಿಲ್ಲೆಯ ಮಳೆ ಅದಕ್ಕಿಂತ ಶೇಕಡಾ 19ರಷ್ಟು ಕಡಿಮೆಯಾದರೂ ಹೆಚ್ಚಾದರೂ ‘ವಾಡಿಕೆಯಂತೆ’ ಎಂದೇ ವರದಿಯಾಗುತ್ತದೆ. ತಿಂಗಳೆಲ್ಲ ಒಣಗಿಸಿ ಕೊನೆಯ ಎರಡು ದಿನ ಬಡಿದರೂ ಲೆಕ್ಕ ಸರಿಹೋಗುತ್ತದೆ. ಗಿಡಕ್ಕೆ ಮಾತ್ರ ಸರಿಹೋಗುವುದಿಲ್ಲ.

ಪೂರ್ಣ ಪ್ರಮಾಣದ ವೀಕ್ಷಣಾಲಯದಲ್ಲಿ ಇನ್ನೂ ಹತ್ತಾರು ಉಪಕರಣಗಳಿರುತ್ತವೆ. ಕೃಷಿ ಸಂಶೋಧನಾ ಕೇಂದ್ರಗಳ ಅಂಗಳದಲ್ಲಿ ನಾಲ್ಕು ಕಾಲಿನ ಬಿಳಿ ಪೆಟ್ಟಿಗೆ ನೋಡಿರುತ್ತೀರಿ. ಗೋಡೆಗೆಲ್ಲ ಓರೆಪಟ್ಟಿ, ಗಾಳಿ ಆಡಬೇಕು, ಬಿಸಿಲು ಬೀಳಬಾರದು, ಬಾಗಿಲು ಉತ್ತರಕ್ಕೆ. ಇದು ಸ್ಟೀವನ್ಸನ್ ಪೆಟ್ಟಿಗೆ. ರೂಪಿಸಿದವನು ದೀಪಸ್ತಂಭಗಳ ಎಂಜಿನಿಯರ್ ಥಾಮಸ್ ಸ್ಟೀವನ್ಸನ್. ‘ಟ್ರೆಷರ್ ಐಲ್ಯಾಂಡ್’ ಬರೆದವನು ಇವನ ಮಗ. ಒಳಗೆ ನಾಲ್ಕು ಉಷ್ಣಮಾಪಕ. ಒಂದು ದಿನದ ಗರಿಷ್ಠಕ್ಕೆ, ಒಂದು ಕನಿಷ್ಠಕ್ಕೆ. ಉಳಿದೆರಡರಲ್ಲಿ ಒಂದರ ಬುಡಕ್ಕೆ ಒದ್ದೆ ಮಸ್ಲಿನ್ ಬಟ್ಟೆ ಸುತ್ತಿರುತ್ತದೆ. ಗಾಳಿ ಒಣಗಿದ್ದಷ್ಟೂ ಬಟ್ಟೆಯ ನೀರು ಆರಿ ಅದು ತಣ್ಣಗಾಗುತ್ತದೆ. ಎರಡರ ಅಂತರದಿಂದ ಆರ್ದ್ರತೆ ಲೆಕ್ಕ ಹಾಕುತ್ತಾರೆ. ಜುಲೈಯಲ್ಲಿ ಮಲೆನಾಡಿನಲ್ಲಿ ಎಷ್ಟೋ ದಿನ ಎರಡೂ ಒಂದನ್ನೇ ತೋರಿಸುತ್ತವೆ. ಹತ್ತಿರದಲ್ಲೇ ಗಾಳಿಗೆ ತಿರುಗುವ ಬಟ್ಟಲುಗಳು, ನೀರು ಆವಿಯಾಗುವುದನ್ನು ಅಳೆಯುವ ಅಗಲ ತೊಟ್ಟಿ, ಕಾಗೆ ಬಂದು ಕುಡಿಯದಂತೆ ಅದಕ್ಕೊಂದು ತಂತಿಬಲೆ. ನನಗೆ ಅತಿ ಇಷ್ಟವಾದದ್ದು ಬಿಸಿಲು ಅಳೆಯುವ ಗಾಜಿನ ಗುಂಡು. ಸೂರ್ಯ ಸಾಗಿದಂತೆ ಅದು ಹಿಂದಿನ ಕಾಗದದ ಪಟ್ಟಿಯನ್ನು ಸುಡುತ್ತ ಹೋಗುತ್ತದೆ. ಮೋಡ ಬಂದಲ್ಲಿ ಸುಟ್ಟ ಗೆರೆ ತುಂಡಾಗುತ್ತದೆ.

ಮಳೆಗೆ ಎಂಟೂವರೆಯಾದರೂ, ಕೃಷಿ ವೀಕ್ಷಣಾಲಯದವರು ಇವುಗಳಲ್ಲಿ ಹಲವನ್ನು ಓದುವುದು ಸ್ಥಳೀಯ ಸೂರ್ಯಮಾನದ ಏಳು ಗಂಟೆಗೆ. ಚಿಕ್ಕಮಗಳೂರು ಸೀಮೆಯ ಗಡಿಯಾರದಲ್ಲಿ ಆಗ ಸುಮಾರು ಏಳು ಇಪ್ಪತ್ತೇಳು.

ಭಾರತದ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ, ಕಲ್ಕತ್ತದ 1864ರ ಚಂಡಮಾರುತ ಮತ್ತು ಬಳಿಕದ ಮುಂಗಾರು ವೈಫಲ್ಯಗಳ ಬೆನ್ನಿಗೆ. ಬಹುಕಾಲ ಉಪಕರಣಗಳು ವಿಲಾಯತಿಯಿಂದಲೇ ಬರುತ್ತಿದ್ದವು. ಅದನ್ನು ಬದಲಿಸಿದವರಲ್ಲಿ ಮುಖ್ಯರು ಅಣ್ಣಾ ಮಣಿ. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಿದ್ದ ಅವರಿಗೆ ಎಂ.ಎಸ್ಸಿ. ಇಲ್ಲವೆಂದು ಪಿಎಚ್.ಡಿ. ಸಿಗಲಿಲ್ಲ. 1948ರಲ್ಲಿ ಇಲಾಖೆ ಸೇರಿ, ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಪ್ರಮಾಣೀಕರಿಸಿ ಇಲ್ಲೇ ತಯಾರಾಗುವಂತೆ ಮಾಡಿದರು. ನಮ್ಮ ಶಾಲಾ ಪುಸ್ತಕಗಳಲ್ಲಿ ಅವರಿಗೆ ಒಂದು ಪುಟವಾದರೂ ಸಿಗಬೇಕಿತ್ತು.

ಈಗ ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟಕ್ಕೂ ಸ್ವಯಂಚಾಲಿತ ಮಾಪಕಗಳು ಬಂದಿವೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಅವೇ ಲೆಕ್ಕ ಕಳಿಸುತ್ತವೆ. ರೈಟರಿಗೆ ಇದರ ಮೇಲೆ ಮುನಿಸೇನಿಲ್ಲ. ಪಂಚಾಯಿತಿಯ ಅಂಕಿಯನ್ನು ಮೊಬೈಲಿನಲ್ಲಿ ನೋಡಿ, 25.4ರಿಂದ ಭಾಗಿಸಿ ಇಂಚಿಗೆ ತಂದು, ತಮ್ಮದರ ಪಕ್ಕ ಸಣ್ಣದಾಗಿ ಬರೆದಿಡುತ್ತಾರೆ. ಗುಡ್ಡದ ಆ ಮಗ್ಗುಲಿಗೂ ಈ ಮಗ್ಗುಲಿಗೂ ಮುಕ್ಕಾಲು ಇಂಚು ವ್ಯತ್ಯಾಸ ಬರುವುದು ಅವರಿಗೆ ಮಾಮೂಲು. ಆದರೆ ಹೊಸ ಮಾಪಕಕ್ಕೆ ಅಜ್ಜನ ಕಾಲದ ಮಳೆ ಗೊತ್ತಿಲ್ಲ. ಮಳೆ ಬದಲಾಗಿದೆಯೇ ಎಂದು ಹೇಳಬೇಕಾದರೆ ಒಂದೇ ಜಾಗದಲ್ಲಿ ಒಂದೇ ರೀತಿ ಅಳೆದ ಹಳೆಯ ಅಂಕಿಗಳು ಬೇಕು. ಅಂಥವು ಘಟ್ಟದ ಎಷ್ಟು ತೋಟಗಳ ಬೀರುಗಳಲ್ಲಿ ಗೆದ್ದಲಿಗೆ ಕಾದಿವೆಯೋ.

ಬ್ರಿಟನ್ನಿನಲ್ಲೂ ಹೀಗೇ ಕಟ್ಟುಗಟ್ಟಲೆ ಮಳೆ ಹಾಳೆಗಳು ಕೂತಿದ್ದವು. 2020ರ ಮಾರ್ಚಿನಲ್ಲಿ, ಲಾಕ್‌ಡೌನ್ ಶುರುವಾದ ಹೊತ್ತಿನಲ್ಲೇ, ರೆಡಿಂಗ್ ವಿಶ್ವವಿದ್ಯಾಲಯದವರು ಅವನ್ನು ಕಂಪ್ಯೂಟರಿಗೆ ಹತ್ತಿಸಲು ಜನರ ನೆರವು ಕೇಳಿದರು. 16,000 ಜನ ಸೇರಿ 16 ದಿನದಲ್ಲಿ 50 ಲಕ್ಷಕ್ಕೂ ಹೆಚ್ಚು ಅಂಕಿಗಳನ್ನು ನಕಲು ಮಾಡಿದರು. ನಮ್ಮಲ್ಲಿ ಕಾಫಿ ಬೆಳೆಗಾರರ ಸಂಘಗಳಿವೆ, ಕಾಲೇಜುಗಳಿವೆ, ಎಲ್ಲರ ಕೈಯಲ್ಲೂ ಕ್ಯಾಮೆರಾ ಇರುವ ಫೋನಿದೆ. ಕೇಳುವವರೊಬ್ಬರು ಬೇಕು.

ರೈಟರ ತೋಟದ ಪುಸ್ತಕಗಳು ಆಫೀಸು ಕೋಣೆಯ ಬೀಟೆ ಬೀರುವಿನಲ್ಲಿವೆ. ಕೊಳ್ಳುವವರು ಅಲ್ಲಿ ಹೋಂಸ್ಟೇ ಮಾಡುತ್ತಾರಂತೆ. ಬೀರು ಅವರಿಗೆ ಹಿಡಿಸಿದೆ, ಪುಸ್ತಕದ ಮಾತು ಬಂದಿಲ್ಲ. ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗಳು ಮೊದಲ ಮೂರು ವರ್ಷದ ಪುಟಗಳ ಫೋಟೊ ತೆಗೆದಿದ್ದಾಳೆ. ‘ಉಳಿದಿದ್ದು ದಸರಾ ರಜೇಲಿ ಮಾಡ್ತೀನಿ ತಾತ ಅಂದಿದ್ದಾಳೆ’ ಎಂದರು ರೈಟರು. ರಿಜಿಸ್ಟ್ರೇಷನ್ ಶ್ರಾವಣದಲ್ಲೇ ಇದೆ.