ಬಿಸಿಗಾಳಿಗೂ ಬೇಕು ಪೂರ್ವಸಿದ್ಧತೆ: ಅಹಮದಾಬಾದ್ ಕಲಿಸಿದ ಪಾಠ

ನೆರೆ ಬಂದರೆ ಬೀದಿಯಲ್ಲಿ ದೋಣಿ ಕಾಣುತ್ತದೆ. ಚಂಡಮಾರುತ ಬೀಸಿದರೆ ಮರಗಳು ಉರುಳುತ್ತವೆ. ಬಿಸಿಗಾಳಿ ಮಾತ್ರ ಸದ್ದಿಲ್ಲದೆ ಪ್ರಾಣ ತೆಗೆಯುತ್ತದೆ. ಸಾವಿಗೆ ಕಾರಣ ಹೃದಯಾಘಾತವೆಂದೋ ಜ್ವರವೆಂದೋ ದಾಖಲಾಗುವುದರಿಂದ ಬಿಸಿಲಿಗೆ ಬಲಿಯಾದವರ ನಿಜವಾದ ಲೆಕ್ಕ ಬಹುಪಾಲು ಮರೆಯಲ್ಲೇ ಉಳಿಯುತ್ತದೆ.

2010ರ ಮೇ ತಿಂಗಳಿನಲ್ಲಿ ಗುಜರಾತಿನ ಅಹಮದಾಬಾದಿನಲ್ಲಿ ಉಷ್ಣಾಂಶ 46.8 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಆ ತಿಂಗಳ ಒಟ್ಟು ಸಾವುಗಳನ್ನು ಸಂಶೋಧಕರು 2009 ಹಾಗೂ 2011ರ ಮೇ ತಿಂಗಳ ಸಾವುಗಳೊಂದಿಗೆ ಹೋಲಿಸಿದಾಗ 1,344 ಮಂದಿ ಹೆಚ್ಚಾಗಿ ಮೃತಪಟ್ಟಿದ್ದು ಬೆಳಕಿಗೆ ಬಂತು.

ಈ ದುರಂತದಿಂದ ಎಚ್ಚೆತ್ತ ಅಲ್ಲಿನ ಮಹಾನಗರ ಪಾಲಿಕೆ, ಗಾಂಧಿನಗರದ ಭಾರತೀಯ ಸಾರ್ವಜನಿಕ ಆರೋಗ್ಯ ಸಂಸ್ಥೆ ಮೊದಲಾದವುಗಳ ನೆರವಿನಿಂದ 2013ರಲ್ಲಿ ಬಿಸಿಗಾಳಿ ಕ್ರಿಯಾ ಯೋಜನೆಯನ್ನು ಜಾರಿಗೆ ತಂದಿತು. ದಕ್ಷಿಣ ಏಷ್ಯಾದಲ್ಲಿ ಇಂತಹ ಯೋಜನೆ ಅದೇ ಮೊದಲು.

ಯೋಜನೆಯ ಕಾರ್ಯವಿಧಾನ ಸರಳ. ಹವಾಮಾನ ಮುನ್ಸೂಚನೆಯಲ್ಲಿ ಉಷ್ಣಾಂಶ 45 ಡಿಗ್ರಿ ತಲುಪುವ ಲಕ್ಷಣ ಕಂಡರೆ ಕೆಂಪು ಎಚ್ಚರಿಕೆ ನೀಡಲಾಗುತ್ತದೆ. ಪಾಲಿಕೆಯ ನಿಯೋಜಿತ ಅಧಿಕಾರಿ ಆಸ್ಪತ್ರೆಗಳು, ಆಂಬುಲೆನ್ಸ್ ಸೇವೆ ಹಾಗೂ ಇತರ ಇಲಾಖೆಗಳಿಗೆ ಸೂಚನೆ ರವಾನಿಸುತ್ತಾರೆ. ಕುಡಿಯುವ ನೀರು, ನೆರಳಿನ ತಾಣಗಳ ವ್ಯವಸ್ಥೆಯಾಗುತ್ತದೆ. ಆಸ್ಪತ್ರೆಯೊಂದರಲ್ಲಿ ಮೇಲಂತಸ್ತಿನಲ್ಲಿದ್ದ ನವಜಾತ ಶಿಶುಗಳ ವಾರ್ಡನ್ನು ಕೆಳಗೆ ಸ್ಥಳಾಂತರಿಸಲಾಯಿತು. ಕೊಳೆಗೇರಿಗಳ ಛಾವಣಿಗಳಿಗೆ ಬಿಳಿ ಸುಣ್ಣ ಬಳಿಯುವ ಕಾರ್ಯವೂ ಮುಂದೆ ಸೇರಿಕೊಂಡಿತು. ಇವಾವುದಕ್ಕೂ ಮೇಲ್ಸೇತುವೆಗಾಗುವಷ್ಟು ವೆಚ್ಚವಿಲ್ಲ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ, ಯೋಜನೆ ಜಾರಿಯಾದ ನಂತರ ವರ್ಷಕ್ಕೆ ಸರಾಸರಿ 1,190 ಸಾವುಗಳು ತಪ್ಪಿವೆ.

ಆದರೆ ಈ ಮಾದರಿಯನ್ನು ನಕಲು ಮಾಡಿದರೆ ಸಾಲದು. ಅಹಮದಾಬಾದಿಗೆ ಅಪಾಯಕಾರಿಯಾದ ಉಷ್ಣಾಂಶವೇ ಎಲ್ಲ ಊರುಗಳಿಗೂ ಅನ್ವಯಿಸದು. ಕರಾವಳಿಯಲ್ಲಿ ಗಾಳಿಯ ತೇವಾಂಶ ದೇಹವನ್ನು ಬೇಗ ದಣಿಸುತ್ತದೆ. ಕಾಂಕ್ರೀಟು ತುಂಬಿದ ಬಡಾವಣೆಗಳು ರಾತ್ರಿಯೂ ತಣಿಯುವುದಿಲ್ಲ. ಕಲಬುರಗಿಯ ಒಣ ಬಿಸಿಲು ಬೇರೆ, ಮಂಗಳೂರಿನ ಸೆಕೆ ಬೇರೆ. ಆದ್ದರಿಂದ ಪ್ರತಿ ನಗರವೂ ತನ್ನದೇ ಮರಣ ದಾಖಲೆಗಳನ್ನು ಪರಿಶೀಲಿಸಿ ಅಪಾಯದ ಮಟ್ಟವನ್ನು ನಿಗದಿಪಡಿಸಿಕೊಳ್ಳಬೇಕು.

ಎರಡನೆಯ ತೊಡಕು ಹಣಕಾಸಿನದು. ದೆಹಲಿಯ ನೀತಿ ಸಂಶೋಧನಾ ಕೇಂದ್ರ 2023ರಲ್ಲಿ ದೇಶದ 37 ಬಿಸಿಗಾಳಿ ಯೋಜನೆಗಳನ್ನು ಪರಿಶೀಲಿಸಿದಾಗ, ಹಣದ ಮೂಲವನ್ನು ಪ್ರಸ್ತಾಪಿಸಿದ್ದವು ಕೇವಲ 11. ಅನುದಾನವಿಲ್ಲದ ಯೋಜನೆ ಕಡತದಲ್ಲಷ್ಟೇ ತಂಪಾಗಿರುತ್ತದೆ. ಬಿಸಿಲಿನಲ್ಲಿ ನಿಲ್ಲುವವರು ಕಟ್ಟಡ ಕಾರ್ಮಿಕರು, ಪೌರಕಾರ್ಮಿಕರು, ತಳ್ಳುಗಾಡಿಯ ವ್ಯಾಪಾರಿಗಳು. ಸಿದ್ಧತೆಯ ಸಾರ್ಥಕತೆಯನ್ನು ಅಳೆಯಬೇಕಾದದ್ದು ಅವರನ್ನು ನೋಡಿ.